ಸಾಮಿಲ್ಲು ಮೊದಲೋ, ಊರು ಮೊದಲೋ?

ಪ್ರಶ್ನೆ: ನಮ್ಮದು ಕಾರಟಗಿ ಮತ್ತು ಸಿಂಧನೂರಿನ ನಡುವಿನ ಒಂದು ಸಣ್ಣ ಕ್ಯಾಂಪು, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಹೊಸ ವಸತಿ. ನೂರೈವತ್ತರ ಆಸುಪಾಸು ಮನೆಗಳಿವೆ. ಮೊದಲು ಇಲ್ಲಿ ಎರಡು ಸಾಮಿಲ್ಲು ಬಂದವು, ಆಮೇಲೆ ಅವುಗಳ ಸುತ್ತ ಊರು ಬೆಳೆಯಿತು ಎಂದು ಹಿರಿಯರು ಹೇಳುತ್ತಾರೆ. ಈಗ ಒಂದರ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಇನ್ನೊಂದರಲ್ಲಿ ತುಕ್ಕು ಹಿಡಿದ ಗಾಲಿಗಳು, ಒಂದು ಗುಂಡಿ, ಕಾಂಕ್ರೀಟ್ ಕಟ್ಟೆ ಉಳಿದಿವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಊರಿನ ಇತಿಹಾಸ ಬರೆಯಬೇಕೆಂದಿದ್ದೇವೆ. ಒಬ್ಬರು 1952 ಅಂತಾರೆ, ಇನ್ನೊಬ್ಬರು 1965 ಅಂತಾರೆ. ಸರ್ಕಾರಿ ದಾಖಲೆ ನೋಡಿದರೆ ಊರಿನ ಹೆಸರೇ ಇಲ್ಲ. ಎಲ್ಲಿಂದ ಶುರು ಮಾಡುವುದು?

ಉತ್ತರ: ಹಿರಿಯರ ಮಾತಿನಲ್ಲಿ ಮೂರು ತಾರೀಖುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೊದಲು ಅವನ್ನು ಬಿಡಿಸಿಕೊಳ್ಳಿ. ಯಂತ್ರ ಬಂದು ಮೊದಲ ದಿಮ್ಮಿ ಕೊಯ್ದದ್ದು ಯಾವಾಗ? ಕುಟುಂಬಗಳು ಬಂದು ಒಲೆ ಹೂಡಿದ್ದು ಯಾವಾಗ? ಊರಿನ ಹೆಸರು ಕಾಗದದ ಮೇಲೆ ಬಂದದ್ದು ಯಾವಾಗ? ನಿಮ್ಮ ಕಡೆಯ ಕ್ಯಾಂಪುಗಳಲ್ಲಿ ಈ ಮೂರರ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರ ಇರುವುದು ಸಾಮಾನ್ಯ. 1952 ಎನ್ನುವವರೂ 1965 ಎನ್ನುವವರೂ ನಿಜವನ್ನೇ ಹೇಳುತ್ತಿರಬಹುದು. ಒಬ್ಬರ ಕಣ್ಣ ಮುಂದೆ ಗುಂಡಿ ತೋಡಿ ಕೈಗರಗಸದಲ್ಲಿ ಕೊಯ್ಯುತ್ತಿದ್ದ ಕಟ್ಟಿಗೆ ಅಡ್ಡೆ ಇರಬಹುದು, ಇನ್ನೊಬ್ಬರ ಕಣ್ಣ ಮುಂದೆ ಕರೆಂಟಿನ ಸಾಮಿಲ್ಲು. ನೋಟುಬುಕ್ಕಿನಲ್ಲಿ ಮೂರು ಪ್ರತ್ಯೇಕ ಹಾಳೆ ಮಾಡಿ, ಸಿಕ್ಕ ಪ್ರತಿ ವರ್ಷವನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸುತ್ತ ಹೋಗಿ. ಯಾವುದಕ್ಕೂ ಸೇರದ ವರ್ಷವನ್ನು ಸದ್ಯಕ್ಕೆ ಬದಿಗಿಡಿ.

ಎರಡನೆಯದಾಗಿ ಒಂದು ಸರಳ ಲೆಕ್ಕ ಹಾಕಿ. 36 ಇಂಚಿನ ಗಾಲಿಯ ಒಂದು ಪಟ್ಟಾ ಗರಗಸಕ್ಕೆ (ಎರಡು ಗಾಲಿಗಳ ಮೇಲೆ ಸುತ್ತುವ ಉಕ್ಕಿನ ಹಲ್ಲುಪಟ್ಟಿ, ಬ್ಯಾಂಡ್ ಸಾ) ಎಷ್ಟು ಜನ ಬೇಕು? ಕೊಯ್ಯುವ ಮೇಸ್ತ್ರಿ ಒಬ್ಬ, ಹಿಂದೆ ನಿಂತು ಹಲಗೆ ಹಿಡಿಯುವವನು ಒಬ್ಬ, ದಿಮ್ಮಿ ಹೊತ್ತ ಟ್ರಾಲಿ ನೂಕಲು ಇಬ್ಬರು, ದಿಮ್ಮಿ ಉರುಳಿಸಲು ಮೂರು ನಾಲ್ಕು ಹಮಾಲರು, ಪಟ್ಟಾ ಹರಿತ ಮಾಡುವವನು ಒಬ್ಬ, ಅಳತೆ ಬರೆಯುವ ಗುಮಾಸ್ತ ಒಬ್ಬ. ಹತ್ತು ಜನ ಅನ್ನಿ. ಎರಡು ಮಿಲ್ಲಿಗೆ ಇಪ್ಪತ್ತು ಕುಟುಂಬ. ಅವುಗಳನ್ನೇ ನಂಬಿದ ಬಡಿಗೇರರು, ಗಾಲಿಗೆ ಹಳಿ ಕಟ್ಟುವ ಕಮ್ಮಾರರು, ಬಂಡಿ ಹೊಡೆಯುವವರು, ಚಹಾದಂಗಡಿ, ಕಿರಾಣಿ ಎಲ್ಲ ಸೇರಿದರೂ ನಲವತ್ತು ಮನೆ ದಾಟುವುದು ಕಷ್ಟ. ನಿಮ್ಮ ಊರಲ್ಲಿ ನೂರೈವತ್ತು ಮನೆಗಳಿವೆ. ಉಳಿದ ನೂರು ಮನೆಗಳನ್ನು ತಂದದ್ದು ಭತ್ತದ ಗದ್ದೆ. ಸಾಮಿಲ್ಲು ಊರಿಗೆ ಬೀಜ ಹಾಕಿರಬಹುದು, ನೀರುಣಿಸಿದ್ದು ಕಾಲುವೆ. ಕಾಲುವೆಯನ್ನು ಬಿಟ್ಟು ಬರೆದ ಇತಿಹಾಸ ಅರ್ಧವೇ ಆಗುತ್ತದೆ.

ಹಾಗಾಗಿ ಮಿಲ್ಲುಗಳು ಅಲ್ಲಿಗೇ ಯಾಕೆ ಬಂದವು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸಾಮಾನ್ಯವಾಗಿ ಸಾಮಿಲ್ಲು ಕಾಡಿನ ಬಾಯಲ್ಲಿ ಇರುತ್ತದೆ. ದಾಂಡೇಲಿ, ಅಳ್ನಾವರ, ಯಲ್ಲಾಪುರದ ಕಡೆಯ ಊರುಗಳು ಹಾಗೆ ಬೆಳೆದವು. ನಿಮ್ಮದು ಎರೆಭೂಮಿ. ಕೊಯ್ಯಲು ತಕ್ಕ ಮರ ಎಂದರೆ ಹೊಲದ ಬದುವಿನ ಕರಿಜಾಲಿ, ಬೇವು, ಹುಣಸೆ, ಅಷ್ಟೆ. ಬಳ್ಳಾರಿ ಜಾಲಿ ಎಷ್ಟೇ ಬೆಳೆದರೂ ಡೊಂಕು ಕಾಂಡದ್ದು, ಅದಕ್ಕೆ ಒಲೆಯೂ ಇದ್ದಿಲ ಗೂಡೂ ಗತಿಯೇ ಹೊರತು ಟ್ರಾಲಿ ಅಲ್ಲ. ಅಂದರೆ ನಿಮ್ಮ ಊರಿನ ಮಿಲ್ಲು ಮರ ಇದ್ದಲ್ಲಿ ಹುಟ್ಟಿದ್ದಲ್ಲ, ಮರ ಬೇಕಾದವರು ಇದ್ದಲ್ಲಿ ಹುಟ್ಟಿದ್ದು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಗೆ ಸಾಗುತ್ತ ಹೋದ ಹಾಗೆಲ್ಲ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡರು. ಗಂಗಾವತಿ ಹತ್ತಿರದ ಶ್ರೀರಾಮನಗರ, ಸಿಂಧನೂರು ತಾಲ್ಲೂಕಿನ ಗಾಂಧಿನಗರ ಹೀಗೇ ಬೆಳೆದವು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲ ಭತ್ತಕ್ಕೆ ತಿರುಗಿದಾಗ ಒಮ್ಮೆಗೇ ಕಟ್ಟಿಗೆಗೆ ಬೇಡಿಕೆ ಬಂತು. ಭತ್ತ ಹೊರಲು ಹೊಸ ಬಂಡಿಗಳು, ಬಂಡಿಗೆ ಕರಿಜಾಲಿಯ ಗುಂಬ (ಗಾಲಿಯ ನಡುಭಾಗ) ಮತ್ತು ಅರೆಗಾಲು (ಗಾಲಿಯ ಕಡ್ಡಿ), ಹೊಸ ಮಾಳಿಗೆ ಮನೆಗೆ ತೊಲೆ ಮತ್ತು ಜಂತಿ, ಬಾಗಿಲು ಚೌಕಟ್ಟು. ಅಕ್ಕಿ ಗಿರಣಿಗಳಿಗೂ ಆಗ ಕಟ್ಟಿಗೆಯೇ ಬೇಕಿತ್ತು. ಎಲಿವೇಟರ್ ಪೆಟ್ಟಿಗೆ, ಜರಡಿ ಚೌಕಟ್ಟು, ಭತ್ತ ಬೇರ್ಪಡಿಸುವ ಅಲುಗಾಡುವ ಮೇಜು ಎಲ್ಲ ಹಲಗೆಯವು. ಇಷ್ಟೆಲ್ಲ ಬೇಕಾದಾಗ ರಸ್ತೆ ಮತ್ತು ಕಾಲುವೆ ಸೇತುವೆ ಕೂಡುವ ಜಾಗದಲ್ಲಿ ಅಡ್ಡೆ ಹಾಕುವುದು ಜಾಣ ವ್ಯಾಪಾರ. ನಿಮ್ಮ ಎರಡು ಮಿಲ್ಲುಗಳ ಜಾಗ ಸೇತುವೆಯಿಂದ ಎಷ್ಟು ದೂರ ಎಂದು ಅಳೆದು ನೋಡಿ.

ಹಾಗಾದರೆ ದಿಮ್ಮಿ ಎಲ್ಲಿಂದ ಬಂತು? ಹಿರಿಯರನ್ನು ಇದನ್ನೇ ಒತ್ತಿ ಕೇಳಿ, ಉತ್ತರದಲ್ಲಿ ಕಾಲವೂ ಅಡಗಿರುತ್ತದೆ. ಗುಂತಕಲ್–ಹೊಸಪೇಟೆ–ಗದಗ–ಹುಬ್ಬಳ್ಳಿ ರೈಲು ದಾರಿ ಹತ್ತೊಂಬತ್ತನೇ ಶತಮಾನದ ಕೊನೆಯದು. ದಾಂಡೇಲಿ, ಅಳ್ನಾವರದ ಡಿಪೋಗಳ ಸಾಗುವಾನಿ, ಮತ್ತಿ, ನಂದಿ ಆ ದಾರಿಯ ನಿಲ್ದಾಣಗಳಿಗೆ ಬಂದಿಳಿಯಲು ಸಾಧ್ಯವಿತ್ತು. ಅಲ್ಲಿಂದ ಮುಂದೆ ಬಂಡಿ, ಆಮೇಲೆ ಲಾರಿ. ಗಿಣಿಗೇರಾದಿಂದ ಗಂಗಾವತಿ, ಕಾರಟಗಿಗೆ ರೈಲು ಬಂದದ್ದು ತೀರಾ ಈಚೆಗೆ. ಆದ್ದರಿಂದ ಯಾರಾದರೂ ‘ಕಾರಟಗಿ ಸ್ಟೇಷನ್ನಿಗೆ ದಿಮ್ಮಿ ಬರುತ್ತಿತ್ತು’ ಎಂದರೆ ನೆನಪು ಎಲ್ಲೋ ಹಾದಿ ತಪ್ಪಿದೆ ಎಂದೇ ಅರ್ಥ. ‘ಬಲ್ಲಾರ್ಷಾ ಸಾಗುವಾನಿ’ ಎಂಬ ಮಾತು ಬಂದರೆ ಅದನ್ನು ‘ಬಳ್ಳಾರಿ ಸಾಗುವಾನಿ’ ಎಂದು ತಿದ್ದಬೇಡಿ. ಬಲ್ಲಾರ್ಷಾ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಊರು, ತೇಗಕ್ಕೆ ಹೆಸರಾದದ್ದು. ಆ ಹೆಸರು ಬಂದರೆ ನಿಮ್ಮ ಮಿಲ್ಲಿಗೆ ಹೈದರಾಬಾದ್ ಕಡೆಯ ವ್ಯಾಪಾರದ ನಂಟಿತ್ತು ಎಂಬ ಸುಳಿವು ಸಿಕ್ಕಂತೆ.

ಈಗ ನೆಲಕ್ಕೆ ಬನ್ನಿ. ನಿಮ್ಮಲ್ಲಿ ಉಳಿದಿರುವ ಗುಂಡಿ, ಕಟ್ಟೆ, ಗಾಲಿಗಳು ಬಾಯಿಮಾತಿಗಿಂತ ಗಟ್ಟಿ ಸಾಕ್ಷಿ. ಪಟ್ಟಾ ಗರಗಸದಲ್ಲಿ ಎರಡು ಗಾಲಿ ಒಂದರ ಮೇಲೊಂದು ನಿಂತಿರುತ್ತವೆ. ಕೆಳಗಿನದು ತಿರುಗಿಸುವ ಗಾಲಿ, ಮೇಲಿನದು ಪಟ್ಟಾ ಬಿಗಿ ಮಾಡಲು ಮೇಲೆ ಕೆಳಗೆ ಸರಿಯುವ ಗಾಲಿ. ಕೆಳಗಾಲಿಯ ದೊಡ್ಡ ಭಾಗ ನೆಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಹಾಗಾಗಿ ಮೂರು ನಾಲ್ಕು ಅಡಿ ಆಳದ, ಬದಿಗೆ ಗೋಡೆ ಕಟ್ಟಿದ ಗುಂಡಿ, ಅದರ ಅಂಚಿನಲ್ಲಿ ಯಂತ್ರ ಕೂರಿಸುವ ಬೋಲ್ಟುಗಳಿದ್ದರೆ ಅದು ಪಟ್ಟಾ ಗರಗಸದ ಗುಂಡಿ. ಉದ್ದಕ್ಕೆ ಹತ್ತು ಹನ್ನೆರಡು ಅಡಿ ಇದ್ದು ಬೋಲ್ಟೇ ಇಲ್ಲದ, ಮಣ್ಣಿನ ಬದಿಯ ತಗ್ಗು ಸಿಕ್ಕರೆ ಅದು ಯಂತ್ರಕ್ಕಿಂತ ಹಿಂದಿನದು: ದಿಮ್ಮಿಯನ್ನು ಅಡ್ಡ ಮಲಗಿಸಿ, ಒಬ್ಬ ಮೇಲೆ ನಿಂತು ಇನ್ನೊಬ್ಬ ಕೆಳಗಿಳಿದು ಎಳೆಯುತ್ತಿದ್ದ ಕೈಗರಗಸದ ಗುಂಡಿ. ಎರಡೂ ಸಿಕ್ಕರೆ ನಿಮ್ಮ 1952–1965ರ ಜಗಳ ಅಲ್ಲೇ ಅರ್ಧ ಬಗೆಹರಿಯಿತು.

ಗುಂಡಿಯ ಪಕ್ಕ ಟ್ರಾಲಿಯ ಹಳಿ ಅಥವಾ ಹಳಿಯ ಗುರುತು ಹುಡುಕಿ. ದಿಮ್ಮಿ ಪಟ್ಟಾದ ಮುಂದೆ ಪೂರ್ತಿ ನಿಂತು, ಕೊಯ್ದ ಮೇಲೆ ಹಿಂದೆ ಪೂರ್ತಿ ದಾಟಬೇಕು. ಆದ್ದರಿಂದ ಹಳಿಯ ಉದ್ದ ಅತಿ ಉದ್ದದ ದಿಮ್ಮಿಯ ಎರಡು ಪಟ್ಟಿಗಿಂತ ತುಸು ಹೆಚ್ಚಿರುತ್ತದೆ. 40 ಅಡಿ ಹಳಿ ಇದ್ದರೆ 18 ಅಡಿಯ ತೊಲೆಯವರೆಗೆ ಕೊಯ್ಯುತ್ತಿದ್ದರು ಎಂದರ್ಥ, ಅಂದರೆ ಮನೆ ತೊಲೆಗಳೇ ಮುಖ್ಯ ಕೆಲಸ. 20–25 ಅಡಿ ಮಾತ್ರ ಇದ್ದರೆ ಬಂಡಿ ಸಾಮಾನು, ಚೌಕಟ್ಟು, ಹಲಗೆಗಳ ಮಿಲ್ಲು. ಊರಲ್ಲಿ ಯಾವ ಕಸುಬಿನವರು ಹೆಚ್ಚು ಬಂದು ನೆಲೆಸಿದರು ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಮುಂದಿನದು ಪುಲ್ಲಿ. ಇದನ್ನು ಯಾರೂ ಅಳೆಯುವುದಿಲ್ಲ, ನೀವು ಅಳೆಯಿರಿ. 36 ಇಂಚಿನ ಗಾಲಿಯ ಸುತ್ತಳತೆ ಸುಮಾರು 9.4 ಅಡಿ. ಗಟ್ಟಿ ಮರಕ್ಕೆ ಪಟ್ಟಾ ನಿಮಿಷಕ್ಕೆ ಆರು ಸಾವಿರ ಅಡಿಯ ಆಸುಪಾಸು ಓಡಿದರೆ ಸರಿಯಾಗಿ ಕೊಯ್ಯುತ್ತದೆ. ಅಂದರೆ ಗಾಲಿ ನಿಮಿಷಕ್ಕೆ 600ರಿಂದ 650 ಸುತ್ತು ತಿರುಗಬೇಕು. ಹಳೆಯ ನಿಧಾನಗತಿಯ ಡೀಸೆಲ್ ಎಂಜಿನ್ನುಗಳು ಹೆಚ್ಚುಕಡಿಮೆ ಅದೇ ವೇಗದವು, ಹಾಗಾಗಿ ಎಂಜಿನ್ನಿನ ಪುಲ್ಲಿಯೂ ಗರಗಸದ ಪುಲ್ಲಿಯೂ ಒಂದೇ ಅಳತೆಯವಿದ್ದರೆ ಸಾಕಿತ್ತು. ಕರೆಂಟಿನ ಮೋಟಾರು ಸಾಮಾನ್ಯವಾಗಿ 1440 ಸುತ್ತಿನದು. ಅದಕ್ಕೆ 10 ಇಂಚಿನ ಸಣ್ಣ ಪುಲ್ಲಿ, ಗರಗಸಕ್ಕೆ 24 ಇಂಚಿನ ದೊಡ್ಡ ಪುಲ್ಲಿ ಹಾಕಿದರೆ 600 ಸುತ್ತು ಬರುತ್ತದೆ. ಕೆಳಗಾಲಿಯ ಅಚ್ಚಿನಲ್ಲಿ ಈಗ ದೊಡ್ಡ ಪುಲ್ಲಿ ಇದ್ದು, ಹತ್ತಿರದಲ್ಲೇ ಸಣ್ಣ ಪುಲ್ಲಿ ಬಿದ್ದಿದ್ದರೆ ಅದು ಮೋಟಾರಿನ ಕಾಲದ್ದು. ಗರಗಸದಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಬೇರೆಯೇ ಒಂದು ದಪ್ಪ ಕಾಂಕ್ರೀಟ್ ಕಟ್ಟೆ, ಪಕ್ಕದಲ್ಲಿ ನೀರಿನ ತೊಟ್ಟಿ ಇದ್ದರೆ ಅಲ್ಲಿ ಎಂಜಿನ್ ಇತ್ತು. ಅಗಲ ಪಟ್ಟೆಯ ಬೆಲ್ಟಿಗೆ ಅಷ್ಟು ದೂರ ಬೇಕು, ತೊಟ್ಟಿ ಎಂಜಿನ್ ತಣಿಸುವುದಕ್ಕೆ. ಕಟ್ಟೆ ಇದ್ದೂ ಪುಲ್ಲಿ ಮೋಟಾರಿನದಾಗಿದ್ದರೆ, ಮಿಲ್ಲು ಕರೆಂಟ್ ಬರುವ ಮೊದಲೇ ಶುರುವಾಗಿ ಆಮೇಲೆ ಮೋಟಾರಿಗೆ ಬದಲಾಗಿದೆ. ಅದೇ ಎಂಜಿನ್ನಿಗೆ ಹಿಟ್ಟಿನ ಗಿರಣಿಯನ್ನೂ ಕಟ್ಟುವ ಪದ್ಧತಿ ಇತ್ತು. ಕಟ್ಟೆಯ ಇನ್ನೊಂದು ಬದಿಯಲ್ಲೂ ಬೋಲ್ಟುಗಳಿವೆಯೇ ನೋಡಿ. ಹಿಟ್ಟಿನ ಗಿರಣಿ ಇದ್ದ ಅಡ್ಡೆಗೆ ಸುತ್ತಲಿನ ಹಳ್ಳಿಯ ಹೆಂಗಸರು ದಿನವೂ ಬರುತ್ತಿದ್ದರು, ಅಂಗಡಿ ಹುಟ್ಟುವುದು ಅಂಥಲ್ಲಿ.

ಪಟ್ಟಾದ ತುಂಡುಗಳನ್ನೂ ಬಿಡಬೇಡಿ. ಅದರ ದಪ್ಪ ಗಾಲಿಯ ಅಡ್ಡಳತೆಯ ಸಾವಿರದಲ್ಲೊಂದು ಭಾಗ ಇರಬೇಕೆಂಬುದು ಕಸುಬಿನ ಲೆಕ್ಕ, 36 ಇಂಚಿಗೆ ಸುಮಾರು 0.9 ಮಿಲಿಮೀಟರ್. ಅದಕ್ಕಿಂತ ದಪ್ಪ ಹಾಕಿದರೆ ಗಾಲಿಯ ಮೇಲೆ ಬಾಗಿ ಬಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಅಂಟು ಮರ ಕೊಯ್ಯುವಾಗ ಹೊಟ್ಟು ಗಾಲಿಗೆ ಮೆತ್ತಿಕೊಂಡು ಉಬ್ಬಾದರೂ ಅದೇ ಗತಿ. ಬದುವಿನ ಬೇವು, ಹುಣಸೆಗಳಲ್ಲಿ ಯಾರೋ ಯಾವಾಗಲೋ ಹೊಡೆದ ಮೊಳೆ ಒಳಗೆ ಸೇರಿಕೊಂಡಿರುತ್ತದೆ, ಅದಕ್ಕೆ ತಗುಲಿದರೆ ಹಲ್ಲುಗಳ ಸಾಲೇ ಹೋಗುತ್ತದೆ. ಬಿರುಕು ಸಣ್ಣದಿದ್ದರೆ ಅದರ ತುದಿಗೆ ಪಂಚ್ ಹೊಡೆದು ನಿಲ್ಲಿಸುತ್ತಾರೆ, ದೊಡ್ಡದಾದರೆ ಆ ತುಂಡು ಕತ್ತರಿಸಿ ಮತ್ತೆ ಬೆಸೆಯುತ್ತಾರೆ. ಒಂದೇ ಪಟ್ಟಾದಲ್ಲಿ ನಾಲ್ಕೈದು ಬೆಸುಗೆ ಕಂಡರೆ ಆ ಮಿಲ್ಲು ಹೊಸ ಪಟ್ಟಾ ಕೊಳ್ಳಲು ಹಿಂದೆ ಮುಂದೆ ನೋಡುತ್ತಿತ್ತು ಎಂದು ತಿಳಿಯಬಹುದು. ತುಂಡುಗಳು ಮಿಲ್ಲಿನಲ್ಲಿ ಸಿಗದಿದ್ದರೆ ಅಡುಗೆಮನೆಗಳಲ್ಲಿ ಕೇಳಿ. ಒಳ್ಳೆಯ ಉಕ್ಕು ಅದು, ಈಳಿಗೆ, ಚಾಕು, ಕುಡುಗೋಲು ಮಾಡಿಸಿಟ್ಟುಕೊಂಡಿರುತ್ತಾರೆ.

ಮಿಲ್ಲಿನಿಂದ ಮನೆಗಳಿಗೆ ಹೋಗೋಣ. ಊರಿನ ಅತಿ ಹಳೆಯ ಐದಾರು ಮಾಳಿಗೆ ಮನೆಗಳ ಒಳಗೆ ಹೋಗಿ, ಟಾರ್ಚನ್ನು ತೊಲೆಗೆ ಓರೆಯಾಗಿ ಹಿಡಿದು ನೋಡಿ. ಬಾಚಿಯಿಂದ ಕೆತ್ತಿದ ತೊಲೆಯ ಮೇಲೆ ಮೀನಿನ ಹುರುಪೆಯಂಥ ತಗ್ಗುಗಳು ಸಾಲುಸಾಲಾಗಿ ಕಾಣುತ್ತವೆ. ಕೈಗರಗಸದ ಗೆರೆಗಳು ಓರೆಯಾಗಿ, ಒಂದಕ್ಕೊಂದು ಸಮವಿಲ್ಲದೆ, ಎಳೆದವರು ದಣಿದು ನಿಂತ ಕಡೆ ಕೋನ ಬದಲಿಸಿಕೊಂಡು ಇರುತ್ತವೆ. ಚಕ್ರ ಗರಗಸದ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ. ಪಟ್ಟಾ ಗರಗಸದವು ಅಡ್ಡಡ್ಡ ನೇರ ಗೆರೆಗಳು, ಸಮ ಅಂತರದವು. ತೋಪಡಾ ಹೊಡೆದು ನುಣುಪು ಮಾಡಿದ ಮುಖದಲ್ಲಿ ಯಾವುದೂ ಉಳಿಯುವುದಿಲ್ಲ. ಹಾಗಾಗಿ ಗೋಡೆಗೆ ಸೇರುವ ತುದಿ, ಜಂತಿಯ ಮೇಲ್ಮುಖ, ಅಟ್ಟದ ಹಲಗೆಯ ಹಿಂಬದಿ ನೋಡಬೇಕು. ತೊಲೆಯ ತುದಿಯಲ್ಲಿ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ ಅಥವಾ ಡಿಪೋ ನಂಬರ್ ಉಳಿದಿದ್ದರೆ ನಿಮ್ಮ ಪುಣ್ಯ, ಅದರ ಫೋಟೊ ತೆಗೆದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ತೊಲೆ ಹಳೆಯದಾದ ಮಾತ್ರಕ್ಕೆ ಮನೆ ಹಳೆಯದಲ್ಲ. ಬೇರೆ ಕಡೆಯಿಂದ ಬಂದವರು ಹಳೆಯ ಮನೆ ಬಿಚ್ಚಿ ತೊಲೆ, ಬಾಗಿಲುಗಳನ್ನು ಬಂಡಿಯಲ್ಲಿ ಹೇರಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ. ಜಲಾಶಯದಲ್ಲಿ ಮುಳುಗಿದ ಹಳ್ಳಿಗಳ ಕುಟುಂಬವೇನಾದರೂ ನಿಮ್ಮಲ್ಲಿದ್ದರೆ ಈ ಪ್ರಶ್ನೆಯನ್ನು ತಪ್ಪದೆ ಕೇಳಿ. ತೊಲೆಯಲ್ಲಿ ಈಗಿನ ಗೋಡೆಗೆ ಸಂಬಂಧವೇ ಇಲ್ಲದ ಖಾಲಿ ಕುಣಿಗಳು, ಹಳೆ ಮೊಳೆ ತೂತುಗಳು ಇದ್ದರೆ ಅದು ಎರಡನೇ ಸಲ ಬಳಸಿದ ಮರ.

ಇನ್ನು ಕಾಗದ. ನಿಮ್ಮ ಊರಿನ ಹೆಸರು ಸಿಗದಿರುವುದಕ್ಕೆ ಕಾರಣ ಸರಳ. ಕ್ಯಾಂಪುಗಳು ಬಹಳ ಕಾಲ ಕಂದಾಯ ಗ್ರಾಮಗಳಾಗಿರಲಿಲ್ಲ, ಯಾವುದೋ ಮೂಲ ಗ್ರಾಮದ ಸರ್ವೆ ನಂಬರುಗಳ ಮೇಲೆ ಕೂತ ಜನವಸತಿಗಳು ಅವು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಜೋರಾಗಿ ನಡೆದದ್ದು ಈ ಹತ್ತು ವರ್ಷಗಳಲ್ಲಿ. ಆದ್ದರಿಂದ ಹೆಸರು ಹಿಡಿದು ಹುಡುಕಬೇಡಿ, ಮೂಲ ಗ್ರಾಮ ಮತ್ತು ಸರ್ವೆ ನಂಬರ್ ಹಿಡಿದು ಹುಡುಕಿ. ಮಿಲ್ಲು ಇದ್ದ ಜಾಗದ ಈಗಿನ ಪಹಣಿಯಲ್ಲಿ ಸರ್ವೆ ನಂಬರ್ ಸಿಗುತ್ತದೆ. ನಂಬರ್ ಪಕ್ಕದ ಹಿಸ್ಸಾ ಬದಲಾಗಿರಬಹುದು, ಮೂಲ ನಂಬರ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಆ ನಂಬರ್ ಹಿಡಿದು ಯಾವ ಕಚೇರಿಗೆ ಹೋಗಬೇಕು ಎನ್ನುವಲ್ಲಿ ಹಲವರು ಸೋಲುತ್ತಾರೆ. ಕಾರಟಗಿ ತಾಲ್ಲೂಕಾದದ್ದು ಈಚೆಗೆ, ಅದಕ್ಕೂ ಮೊದಲು ಅದು ಗಂಗಾವತಿ ತಾಲ್ಲೂಕಿನಲ್ಲಿತ್ತು. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. 1956ರ ನವೆಂಬರ್ 1ರವರೆಗೆ ಇದೆಲ್ಲ ಹೈದರಾಬಾದ್ ರಾಜ್ಯ, 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತ. ಅಂದರೆ 1990ರ ಕಾಗದಕ್ಕೆ ಗಂಗಾವತಿ ಮತ್ತು ರಾಯಚೂರು, 1956ಕ್ಕಿಂತ ಹಳೆಯ ಮೇಲ್ಮಟ್ಟದ ಕಡತಗಳಿಗೆ ಹೈದರಾಬಾದಿನ ರಾಜ್ಯ ಪತ್ರಾಗಾರ. ಹೈದರಾಬಾದ್ ರಾಜ್ಯದ ಭಾಗಗಳಿಗೆ 1954–55ರ ಖಾಸ್ರಾ ಪಹಣಿ (ಸರ್ವೆ ನಂಬರುವಾರು ಜಮೀನಿನ ದಾಖಲೆ) ಬಹಳ ಮುಖ್ಯ. ನಿಮ್ಮ ಕಾಲುವೆಗೆ ನೀರು ಬಂದ ಹೊಸತರಲ್ಲೇ ತಯಾರಾದದ್ದು ಅದು. ಆ ಸರ್ವೆ ನಂಬರಿನಲ್ಲಿ ಆಗ ಜೋಳವೋ, ಬೀಳೋ, ಭತ್ತವೋ, ಕಟ್ಟಡವೋ ಎಂಬುದು ಒಂದು ಸಾಲಿನಲ್ಲಿ ಗೊತ್ತಾಗಬಹುದು. ಅದಕ್ಕಿಂತ ಹಳೆಯದು ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಬರುತ್ತದೆ. 1355 ಫಸಲಿ ಎಂದರೆ 1945–46. ‘ಖಾರಿಜ್ ಖಾತಾ’ ಎಂದಿದ್ದರೆ ಸರ್ಕಾರಿ ಜಮೀನು ಎಂದು ಓದಿಕೊಳ್ಳಿ. ಬಳ್ಳಾರಿ, ಸಿರುಗುಪ್ಪ ಕಡೆಯ ಓದುಗರು ಇದೇ ಕೆಲಸ ಮಾಡುವುದಾದರೆ ಅವರ ದಾರಿ ಬೇರೆ. ಅದು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು, ಅಲ್ಲಿ ಅಡಂಗಲ್ (ಪಹಣಿಯಂಥ ಬೆಳೆ ದಾಖಲೆ) ಮತ್ತು ಸೆಟ್ಲ್‌ಮೆಂಟ್ ರಿಜಿಸ್ಟರ್ ಕೇಳಬೇಕು.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಸರ್ವೆ ನಂಬರಿನ ಋಣಭಾರ ಪ್ರಮಾಣಪತ್ರ ಕೇಳಿ. ಗಣಕೀಕರಣಕ್ಕೆ ಮುಂಚಿನ ವರ್ಷಗಳಿಗೆ ಕೈಯಿಂದಲೇ ಹುಡುಕಬೇಕು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಆಸ್ತಿಯ ಸೂಚಿಯಿಂದ ಶುರು ಮಾಡಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಕಟ್ಟಿಗೆ ಅಡ್ಡೆ’ ಎಂಬ ಒಂದು ಮಾತು ಸಿಕ್ಕರೆ ಸಾಕು, ಆ ವರ್ಷಕ್ಕೆ ಮುಂಚೆಯೇ ಅಡ್ಡೆ ಇತ್ತೆಂದು ಗಟ್ಟಿಯಾಗಿ ಬರೆಯಬಹುದು. ಅಕ್ಕಪಕ್ಕದ ಜಮೀನುಗಳ ಪತ್ರಗಳನ್ನೂ ನೋಡಿ, ಇಂಥ ಮಾತು ಸಿಗುವುದು ನೆರೆಯವರ ಪತ್ರದಲ್ಲೇ ಹೆಚ್ಚು.

ಕರೆಂಟಿನ ದಾಖಲೆ ಸುಲಭದ್ದು. ಈಗಿನ ವಿದ್ಯುತ್ ಕಂಪನಿ ಜೆಸ್ಕಾಂ 2002ರದು, ಅದರ ಹಿಂದೆ 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿ. ಹಳೆಯ ಬಿಲ್ಲೋ, ಮೀಟರ್ ಹಲಗೆಯೋ ಸಿಕ್ಕರೆ ಅದರಲ್ಲಿ ಆರ್.ಆರ್. ನಂಬರ್ ಇರುತ್ತದೆ. ಉಪವಿಭಾಗದ ಕಚೇರಿಯಲ್ಲಿ ಆ ನಂಬರಿಗೆ ಸಂಪರ್ಕ ಕೊಟ್ಟ ತಾರೀಖು, ಮಂಜೂರಾದ ಅಶ್ವಶಕ್ತಿ ಕೇಳಿ. 15–20 ಅಶ್ವಶಕ್ತಿಯ ಕೈಗಾರಿಕಾ ಸಂಪರ್ಕ ಸಣ್ಣ ಕ್ಯಾಂಪಿನಲ್ಲಿ ಅಕ್ಕಿ ಗಿರಣಿಯದೋ ಸಾಮಿಲ್ಲಿನದೋ ಆಗಿರಬೇಕು. ಮಿಲ್ಲಿನ ನಂಬರ್ ಊರಿನ ಮನೆಗಳ ನಂಬರುಗಳಿಗಿಂತ ಬಹಳ ಹಿಂದಿನದಾಗಿದ್ದರೆ, ಲೈನ್ ಎಳೆದದ್ದೇ ಮಿಲ್ಲಿಗಾಗಿ, ಊರಿಗೆ ದೀಪ ಬಂದದ್ದು ಅದರ ಬೆನ್ನಿಗೆ ಎಂದು ಊಹಿಸಬಹುದು.

ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಸಾಮಿಲ್ಲು ಪರವಾನಗಿಯ ಕಡತ ಇರಬಹುದು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1969ರ ನಿಯಮಗಳು ಬಂದ ಮೇಲಿನ ಕಾಗದ ಅದು. ಅದರಲ್ಲೂ 1996ರ ನಂತರದ ಕಡತ ಹುಡುಕಿ. ಆ ವರ್ಷದ ಡಿಸೆಂಬರ್ 12ರಂದು ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಮರದ ಮಿಲ್ಲುಗಳ ಮೇಲೆ ಬಿಗಿ ಬಂತು. 2002ರ ಅಕ್ಟೋಬರಿನಿಂದ ಕೇಂದ್ರ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಹೊಸ ಮಿಲ್ಲು ತೆರೆಯುವಂತಿರಲಿಲ್ಲ. ಹಾಗಾಗಿ ಹಳೆಯ ಮಿಲ್ಲುಗಳಿಗೆ ತಾವು ಎಂದಿನಿಂದ ಇದ್ದೇವೆ ಎಂದು ತೋರಿಸುವ ಅಗತ್ಯ ಬಿತ್ತು. ತೆರಿಗೆ ರಸೀದಿ, ಹಳೆ ಪರವಾನಗಿ ಒಂದೇ ಕಡೆ ಸಿಗುವ ಸಾಧ್ಯತೆ ಇರುವುದು ಅಲ್ಲೇ. ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ‘ಎಲ್ಲ ದಾಖಲೆ ಕೊಡಿ’ ಎನ್ನಬೇಡಿ. ಮೂಲ ಗ್ರಾಮ, ಸರ್ವೆ ನಂಬರ್ ಬರೆದು, ‘ಮೊದಲ ಪರವಾನಗಿಯ ಪ್ರತಿ ಮತ್ತು ನವೀಕರಣದ ರಿಜಿಸ್ಟರಿನ ಪುಟ’ ಎಂದು ಖಚಿತವಾಗಿ ಕೇಳಿ.

ಜನ ಬಂದ ತಾರೀಖಿಗೆ ಎರಡು ಆಧಾರಗಳಿವೆ. ಒಂದು ಜನಗಣತಿಯ ಜಿಲ್ಲಾ ಕೈಪಿಡಿ. ನಿಮ್ಮ ಕ್ಯಾಂಪಿನ ಹೆಸರು ಅಲ್ಲಿರದಿದ್ದರೂ ಮೂಲ ಗ್ರಾಮದ ಜನಸಂಖ್ಯೆಯಲ್ಲಿ ನಿಮ್ಮವರು ಸೇರಿದ್ದಾರೆ. 1951ರ ಗಣತಿ ನೀರು ಬರುವ ಮುಂಚಿನದು, ಒಳ್ಳೆಯ ಆರಂಭ ಬಿಂದು. 1951–61ರಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 21.5ರಷ್ಟು, 1961–71ರಲ್ಲಿ ಶೇಕಡಾ 24ರಷ್ಟು ಏರಿತು. ಲೆಕ್ಕ ಹೀಗೆ: 1951ರಲ್ಲಿ ಮೂಲ ಗ್ರಾಮದಲ್ಲಿ 1200 ಜನ ಇದ್ದರೆಂದುಕೊಳ್ಳಿ, ಸಹಜ ಏರಿಕೆಯಲ್ಲಿ 1961ಕ್ಕೆ 1460ರಷ್ಟಾಗಬೇಕು. ಕೈಪಿಡಿಯಲ್ಲಿ 2300 ಇದ್ದರೆ ಹೆಚ್ಚಿನ 840 ಜನ ಹೊರಗಿನಿಂದ ಬಂದವರು. ಯಾವ ದಶಕದಲ್ಲಿ ಈ ಜಿಗಿತ ಇದೆಯೋ ಅದೇ ನಿಮ್ಮ ಊರು ತುಂಬಿದ ದಶಕ. ಮೂಲ ಗ್ರಾಮದ ಮೇಲೆ ಬೇರೆ ಕ್ಯಾಂಪುಗಳೂ ಇದ್ದರೆ ಈ ಅಂಕಿಯನ್ನು ನಿಮ್ಮದೊಂದಕ್ಕೇ ಕಟ್ಟಬೇಡಿ.

ಇನ್ನೊಂದು ನಿಮ್ಮ ಶಾಲೆಯಲ್ಲೇ ಇದೆ: ದಾಖಲಾತಿ ರಿಜಿಸ್ಟರ್. ಶಾಲೆಯವರೇ ಬರೆಯುತ್ತಿರುವ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಮಗುವಿನ ಹೆಸರು, ಹುಟ್ಟಿದ ಊರು, ಮಾತೃಭಾಷೆ, ತಂದೆಯ ಉದ್ಯೋಗ, ಹಿಂದಿನ ಶಾಲೆ, ಬಿಟ್ಟ ತಾರೀಖು ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಹೆಸರುಗಳನ್ನು ಬಿಟ್ಟು ಬಾಕಿ ಕಾಲಂಗಳನ್ನಷ್ಟೇ ವರ್ಷವಾರು ಎಣಿಸಿ. ಉದ್ಯೋಗದ ಕಾಲಂನಲ್ಲಿ ‘ಸಾಮಿಲ್ ಕೂಲಿ’, ‘ಬಡಿಗತನ’, ‘ಹಮಾಲಿ’ ಎಷ್ಟು, ‘ಒಕ್ಕಲುತನ’, ‘ಕೃಷಿ ಕೂಲಿ’ ಎಷ್ಟು ಎಂದು ಐದೈದು ವರ್ಷಕ್ಕೆ ಗುಂಪು ಮಾಡಿದರೆ ಮಿಲ್ಲಿನ ಏರಿಳಿತ ಕಣ್ಣಿಗೆ ಕಟ್ಟುತ್ತದೆ. ಹುಟ್ಟಿದ ಊರಿನ ಕಾಲಂನಲ್ಲಿ ನಿಮ್ಮ ಕ್ಯಾಂಪಿನ ಹೆಸರು ಮೊದಲ ಸಲ ಬಂದ ಪುಟ ಹುಡುಕಿ. ಅಲ್ಲಿ ಹುಟ್ಟಿದ ಆ ಮಗು ಐದಾರು ವರ್ಷಕ್ಕೆ ಶಾಲೆಗೆ ಬಂದಿದೆ. ಶಾಲೆಯೇ ತಡವಾಗಿ ಬಂದಿದ್ದರೆ ಮೂಲ ಗ್ರಾಮದ ಹಳೆ ಶಾಲೆಯ ರಿಜಿಸ್ಟರನ್ನೂ ನೋಡಬೇಕು, ಮೊದಲ ಮಕ್ಕಳು ಅಲ್ಲಿಗೆ ನಡೆದುಕೊಂಡು ಹೋಗಿರುತ್ತಾರೆ. ಒಂದು ದೋಷ ನೆನಪಿರಲಿ: ಜನ್ಮದಿನಾಂಕಗಳು ಬಹಳಷ್ಟು ಜೂನ್ 1 ಎಂದೇ ಇರುತ್ತವೆ, ಅದು ಮಾಸ್ತರರು ಹಾಕಿದ ತಾರೀಖು. ದಾಖಲಾದ ವರ್ಷವನ್ನು ನಂಬಿ.

ಹಿರಿಯರನ್ನು ಮಾತಾಡಿಸುವಾಗ ‘ಯಾವ ಇಸವಿ?’ ಎಂದು ಕೇಳಬೇಡಿ. ಇಸವಿ ಕೇಳಿದ ಕೂಡಲೇ ಜನ ದುಂಡು ಅಂಕಿ ಕೊಡುತ್ತಾರೆ. ಅದು ರಜಾಕಾರರ ಗಲಾಟೆಗೆ ಮುಂಚೆಯೋ ಆಮೇಲೋ, ಹೊಸ ಪೈಸೆ ಬಂದಿತ್ತೋ ಇಲ್ಲ ಆಣೆಯಲ್ಲೇ ಬಟವಾಡೆ ಆಗುತ್ತಿತ್ತೋ, ಐಆರ್8 ಭತ್ತ ಬಂದಿತ್ತೋ, ತುರ್ತು ಪರಿಸ್ಥಿತಿ ಇತ್ತೋ, ಗದ್ದೆಯಲ್ಲಿ ಬಿಪಿಟಿ 5204 ಇತ್ತೋ ಎಂದು ಕೇಳಿ. ಹೊಸ ಪೈಸೆ 1957, ಐಆರ್8 1966, ತುರ್ತು ಪರಿಸ್ಥಿತಿ 1975, ಬಿಪಿಟಿ 1986. ಎರಡು ಘಟನೆಗಳ ನಡುವೆ ಒಂದು ನೆನಪನ್ನು ಕೂರಿಸಿದರೆ ಅದು ನಿಲ್ಲುತ್ತದೆ. ಬಟವಾಡೆ ವಾರದ ಯಾವ ದಿನ ಆಗುತ್ತಿತ್ತು ಎಂದೂ ಕೇಳಿ, ಊರಿನ ಸಂತೆಯ ದಿನ ಅದಕ್ಕೆ ಹೊಂದುತ್ತದೆಯೇ ನೋಡಿ.

ಮಾತಾಡಿಸುವ ಪಟ್ಟಿಯಲ್ಲಿ ಮಿಲ್ಲಿನ ಮಾಲೀಕರ ಮನೆಯವರು ತಾವಾಗಿ ಬರುತ್ತಾರೆ. ಬಿಟ್ಟುಹೋಗುವವರು ಇಬ್ಬರು. ಒಬ್ಬರು ಪಟ್ಟಾ ಹರಿತ ಮಾಡುತ್ತಿದ್ದವರು. ಮೂರು ನಾಲ್ಕು ತಾಸಿಗೊಮ್ಮೆ ಪಟ್ಟಾ ಇಳಿಸಿ ಅವರ ಕೈಗೆ ಬರುತ್ತಿತ್ತು, ಯಾವ ವರ್ಷ ಯಾವ ಮರ ಬಂತು, ಯಾವಾಗ ಕೆಲಸ ಕಡಿಮೆಯಾಯಿತು ಎಂಬುದು ಅವರಿಗೆ ಗೊತ್ತಿರುವಷ್ಟು ಮಾಲೀಕನಿಗೂ ಗೊತ್ತಿರುವುದಿಲ್ಲ. ಇನ್ನೊಬ್ಬರು ಚಕ್ಕೆ, ಹೊಟ್ಟು ಒಯ್ಯುತ್ತಿದ್ದ ಹೆಂಗಸರು. ದಿಮ್ಮಿಯ ಅರ್ಧದಿಂದ ಶೇಕಡಾ 60ರಷ್ಟು ಮಾತ್ರ ಹಲಗೆಯಾಗುತ್ತದೆ, ಉಳಿದದ್ದು ಚಕ್ಕೆ, ಹೊಟ್ಟು. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಬಾಟಲಿ ಮೆಲ್ಲಗೆ ಎಳೆದು, ಉಳಿದ ತೂತಿಗೆ ಕೆಳಗಿನಿಂದ ಬೆಂಕಿ ಕೊಡುವ ಹೊಟ್ಟಿನ ಒಲೆಯನ್ನು ಯಾರಾದರೂ ಈಗಲೂ ಮಾಡಿ ತೋರಿಸಿಯಾರು. ವಾರ್ಷಿಕೋತ್ಸವದಲ್ಲಿ ಮಕ್ಕಳ ಎದುರು ಮಾಡಿಸಿ.

ಅಳತೆಯ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಳೆಯ ಲೆಕ್ಕದ ಪುಸ್ತಕ ಸಿಕ್ಕರೆ ಅದರ ‘ಘನ ಅಡಿ’ ನಿಜವಾದ ಘನ ಅಡಿ ಅಲ್ಲದಿರಬಹುದು. ಗೋಲಾಯಿಯ (ದಿಮ್ಮಿಯ ಸುತ್ತಳತೆಯ, ಇಂಚಿನಲ್ಲಿ) ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು ದಿಮ್ಮಿ ವ್ಯಾಪಾರದ ಪದ್ಧತಿ. 48 ಇಂಚು ಗೋಲಾಯಿಯ 10 ಅಡಿ ದಿಮ್ಮಿ ಈ ಲೆಕ್ಕದಲ್ಲಿ 12 ಗುಣಿಸು 12 ಗುಣಿಸು 10, ಭಾಗಿಸು 144, ಸರಿಯಾಗಿ 10 ಘನ ಅಡಿ. ನಿಜವಾಗಿ ಅದರಲ್ಲಿ ಸುಮಾರು 12.7 ಘನ ಅಡಿ ಮರವಿದೆ. ಕೊಯ್ದು ಬೀಳುವ ಸೋಡಿಯನ್ನು ಮೊದಲೇ ಕಳೆದ ಲೆಕ್ಕ ಅದು. ಇದನ್ನು ತಿಳಿಯದೆ ಘನ ಮೀಟರಿಗೆ ತಿರುಗಿಸಿದರೆ ನಿಮ್ಮ ಅಂಕಿ ಐದನೇ ಒಂದು ಭಾಗದಷ್ಟು ಕಡಿಮೆ ಬರುತ್ತದೆ.

ಮಿಲ್ಲುಗಳು ಮುಚ್ಚಿದ್ದಕ್ಕೆ ಕೋರ್ಟಿನ ಆದೇಶವೊಂದನ್ನೇ ಕಾರಣ ಮಾಡಬೇಡಿ. ಬಂಡಿಗೆ ರಬ್ಬರ್ ಟೈರು, ಆಮೇಲೆ ಟ್ರ್ಯಾಕ್ಟರಿಗೆ ಕಬ್ಬಿಣದ ಟ್ರಾಲಿ ಬಂತು. ಮಾಳಿಗೆ ಹೋಗಿ ಆರ್‌ಸಿಸಿ ಬಂತು, ಕಿಟಕಿ ಕಬ್ಬಿಣದ್ದಾಯಿತು, ಬಾಗಿಲು ಪ್ಲೈವುಡ್ಡಿನದಾಯಿತು. ನಿಮ್ಮ ಎರಡು ಮಿಲ್ಲುಗಳಲ್ಲಿ ಯಾವುದು ಮೊದಲು ನಿಂತಿತು, ನಿಂತಾಗ ಅದರ ಮುಖ್ಯ ಕೆಲಸ ಬಂಡಿಯದೋ ಮನೆಯದೋ ಎಂಬುದನ್ನು ತಿಳಿದರೆ ಕಾರಣ ಯಾವುದೆಂದು ತಾನೇ ಗೊತ್ತಾಗುತ್ತದೆ.

ಬರೆಯುವಾಗ ಜಾಗ್ರತೆ ಬೇಕಾದ ಎರಡು ಸಂಗತಿಗಳಿವೆ. ಜಮೀನು ಯಾರದಿತ್ತು, ಯಾರು ಯಾರಿಗೆ ಕೊಟ್ಟರು ಎಂಬ ವಿವರ ಇಂದಿಗೂ ತಕರಾರು ಎಬ್ಬಿಸಬಲ್ಲದು. ಹಕ್ಕುಪತ್ರದ ಅರ್ಜಿಗಳು ನಡೆಯುತ್ತಿರುವ ಊರಾದರೆ ಅದನ್ನು ಕರಪತ್ರದಲ್ಲಿ ಅಚ್ಚು ಹಾಕದೆ ಶಾಲೆಯ ಕಡತದಲ್ಲಿ ಇಡಿ. ಗರಗಸಕ್ಕೆ ಬೆರಳು, ಕೈ ಕೊಟ್ಟವರು ಇಂಥ ಊರುಗಳಲ್ಲಿ ಇರುತ್ತಾರೆ. ಅವರ ಕಥೆ ಇತಿಹಾಸದಲ್ಲಿ ಇರಲೇಬೇಕು, ಆದರೆ ಅವರೋ ಅವರ ಮನೆಯವರೋ ಒಪ್ಪಿದರೆ ಮಾತ್ರ ಹೆಸರು ಹಾಕಿ.

ಇಷ್ಟರಲ್ಲಿ ಮೊದಲು ಮಾಡಬೇಕಾದ್ದು ಆ ತುಕ್ಕು ಗಾಲಿಗಳ ಕೆಲಸ, ಯಾಕೆಂದರೆ ಗುಜರಿಯವರಿಗೆ ಅವು ಎರಕದ ಕಬ್ಬಿಣ ಮಾತ್ರ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಪೂರ್ತಿ ಹೋಗುತ್ತದೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸೀಮೆಸುಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಮೆಲ್ಲಗೆ ಎಳೆದರೆ ಉಬ್ಬಿದ ಅಕ್ಷರಗಳ ಮೇಲೆ ಬಿಳಿ ಕೂರುತ್ತದೆ. ಗಾಲಿಯ ಕಡ್ಡಿಗಳ ನಡುವೆ, ಗುಂಬದ ಸುತ್ತ, ಚೌಕಟ್ಟಿನ ಬುಡದಲ್ಲಿ ಹೀಗೆ ಮಾಡಿ. ತಯಾರಿಸಿದ ಊರು, ಅಳತೆ, ಕ್ರಮಸಂಖ್ಯೆ ಇರುವುದು ಅಲ್ಲೇ. ಬೆಳಿಗ್ಗೆ ಏಳರ ಒಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಡಿ ಪಟ್ಟಿ ಇಟ್ಟಿರಲಿ.